ಪ್ರದರ್ಶನಕ್ಕೆಂದು ವಿದೇಶಕ್ಕೆ ಒಯ್ದು ಮರಳಿ ತರುವ ಯಂತ್ರಕ್ಕೆ ಯಾವ ಕಸ್ಟಮ್ಸ್ ದಾಖಲೆ ಸೂಕ್ತ?

ಪ್ರಶ್ನೆ: ಬೈಕಂಪಾಡಿಯ ಯಂತ್ರ ತಯಾರಕ

ಮಾನ್ಯರೇ,

ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಗೇರುಬೀಜ ಸಂಸ್ಕರಣೆಯ ಯಂತ್ರಗಳನ್ನು ತಯಾರಿಸುವ ಸಣ್ಣ ಘಟಕ ನಮ್ಮದು. ಇದುವರೆಗೆ ನಮ್ಮ ಗ್ರಾಹಕರೆಲ್ಲ ಕರಾವಳಿ, ಗೋವಾ ಮತ್ತು ಕೇರಳದ ಕಾರ್ಖಾನೆಗಳವರು. ಈ ಬಾರಿ ದುಬೈಯ ಆಹಾರ ಸಂಸ್ಕರಣಾ ಯಂತ್ರಗಳ ಪ್ರದರ್ಶನವೊಂದರಲ್ಲಿ ಮಳಿಗೆ ಸಿಕ್ಕಿದ್ದು, ಅದಾದ ಕೆಲವು ತಿಂಗಳಲ್ಲಿ ಜರ್ಮನಿಯ ಕಲೋನ್ ನಗರದ ಮೇಳಕ್ಕೂ ಅದೇ ಯಂತ್ರವನ್ನು ಒಯ್ಯುವ ಆಲೋಚನೆಯಿದೆ. ಒಯ್ಯಬೇಕಾಗಿರುವುದು ಬೇಯಿಸಿದ ಗೇರುಬೀಜವನ್ನು ಒಡೆಯುವ ಸ್ವಯಂಚಾಲಿತ ಯಂತ್ರ ಒಂದು, ಅದರ ಕಂಟ್ರೋಲ್ ಪ್ಯಾನೆಲ್, ಬದಲಿ ಬ್ಲೇಡುಗಳು, ಮತ್ತು ಯಂತ್ರ ಓಡಿಸಿ ತೋರಿಸಲು ಬೇಕಾಗುವ ಗೇರುಬೀಜ.

ನಮ್ಮ ಸಾಗಣೆ ಏಜೆಂಟರು ಸಾಮಾನ್ಯ ಶಿಪ್ಪಿಂಗ್ ಬಿಲ್ (ರಫ್ತಿನ ಘೋಷಣಾ ಪತ್ರ) ಮೇಲೆ ಕಳುಹಿಸಿ, ಮರಳುವಾಗ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ಸಲ್ಲಿಸಿದರೆ ಸಾಕು ಎನ್ನುತ್ತಾರೆ. ಪರಿಚಯದ ಇನ್ನೊಬ್ಬ ಉದ್ಯಮಿ ಸರಕಿನ ತಾತ್ಕಾಲಿಕ ಪ್ರವೇಶಕ್ಕೆಂದಿರುವ ಎಟಿಎ ಕಾರ್ನೆಟ್ ಎಂಬ ಕಸ್ಟಮ್ಸ್ ಪುಸ್ತಕ ಮಾಡಿಸಿಕೊಂಡರೆ ಎಲ್ಲಿಯೂ ಸುಂಕ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ ಎಂದು ಹೇಳಿದ್ದಾರೆ. ಕಾರ್ನೆಟ್ ಅನ್ನು ನಮ್ಮ ಊರಿನ ವಾಣಿಜ್ಯ ಸಂಘವಾದ ಕೆನರಾ ಚೇಂಬರಿನಲ್ಲೇ ಪಡೆಯಬಹುದೇ, ಅದಕ್ಕೆ ಎಷ್ಟು ಹಣ ಕಟ್ಟಿಡಬೇಕಾಗುತ್ತದೆ, ಮತ್ತು ಮಳಿಗೆಗೆ ಬಂದ ಗ್ರಾಹಕರು ಯಂತ್ರವನ್ನು ಅಲ್ಲಿಯೇ ಬಿಟ್ಟುಹೋಗಿ ಎಂದು ಕೇಳಿದರೆ ಮಾರಬಹುದೇ ಎಂಬುದು ನನ್ನ ಮುಖ್ಯ ಸಂದೇಹ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಪಣಂಬೂರಿನ ಕಸ್ಟಮ್ಸ್ ಬ್ರೋಕರ್

ನಮಸ್ಕಾರ. ನಿಮ್ಮ ಕೊನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಯಾವ ದಾಖಲೆ ಬೇಕೆಂಬುದು ಅದರ ಉತ್ತರವನ್ನೇ ಅವಲಂಬಿಸಿದೆ. ಯಂತ್ರ ಖಂಡಿತವಾಗಿ ಮರಳಿ ಬರುತ್ತದೆಂದಾದರೆ ಕಾರ್ನೆಟ್ ಒಳ್ಳೆಯದು. ಒಳ್ಳೆಯ ಬೆಲೆ ಬಂದರೆ ಮಾರಿಬಿಡೋಣ ಎಂಬ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಕಾರ್ನೆಟ್ ಬೇಡ. ಕಾರ್ನೆಟ್ ಕೊಡುವವರು, ಅದನ್ನು ಒಪ್ಪಿಕೊಳ್ಳುವ ದೇಶ, ಹೊರಡುವಾಗ ಮೊಹರು ಹಾಕುವ ನಮ್ಮ ಕಸ್ಟಮ್ಸ್ ಅಧಿಕಾರಿ, ಈ ಮೂವರೂ ವಸ್ತು ಹಿಂದಿರುಗುತ್ತದೆ ಎಂಬ ಒಂದೇ ಮಾತನ್ನು ನಂಬಿ ಸುಂಕವನ್ನು ಬಿಟ್ಟುಕೊಡುತ್ತಾರೆ. ಆ ಮೇಲೆ ಮಾರುವುದಾದರೆ ಆ ದೇಶದ ಕಸ್ಟಮ್ಸ್ ಬಳಿ ಹೋಗಿ, ಸುಂಕ ಕಟ್ಟಿ, ಕಟ್ಟಿದ್ದನ್ನು ಕಾರ್ನೆಟ್‌ನಲ್ಲಿ ದಾಖಲಿಸಿಕೊಂಡು, ಇಲ್ಲಿಗೆ ಬಂದು ರಫ್ತಿನ ಹಣ ಬಂದ ಬಗ್ಗೆ ಬ್ಯಾಂಕಿಗೂ ಜಿಎಸ್‌ಟಿ ಇಲಾಖೆಗೂ ಸಮಜಾಯಿಷಿ ಕೊಡಬೇಕಾಗುತ್ತದೆ. ಅಸಾಧ್ಯವಲ್ಲ, ಆದರೆ ಲಾಭದ ಬಹುಪಾಲು ಆ ಓಡಾಟದಲ್ಲಿಯೇ ಕರಗುತ್ತದೆ.

ಕಾರ್ನೆಟ್ ವ್ಯವಸ್ಥೆ 1961ರ ಬ್ರಸೆಲ್ಸ್ ಒಪ್ಪಂದದಿಂದ ಬಂದದ್ದು. ತಾತ್ಕಾಲಿಕ ಆಮದಿನ ಕುರಿತ ಬೇರೆ ಬೇರೆ ಒಪ್ಪಂದಗಳನ್ನು 1990ರ ಇಸ್ತಾಂಬುಲ್ ಒಪ್ಪಂದ ಒಂದೆಡೆ ತಂದಿತು. ಪ್ರತಿಯೊಂದು ಸದಸ್ಯ ದೇಶದಲ್ಲಿ ಕಾರ್ನೆಟ್ ನೀಡಿ ಅದಕ್ಕೆ ಖಾತರಿ ನಿಲ್ಲುವ ಸಂಸ್ಥೆಯೊಂದಿರುತ್ತದೆ. ನಮ್ಮ ದೇಶದಲ್ಲಿ ಆ ಹೊಣೆ ದೆಹಲಿಯ ಫಿಕ್ಕಿ ಎಂಬ ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟದ್ದು. ಆದ್ದರಿಂದ ಮಂಗಳೂರಿನ ಕೆನರಾ ಚೇಂಬರ್ ನಿಮಗೆ ಸರಕು ಯಾವ ದೇಶದ್ದೆಂಬ ಮೂಲ ಪ್ರಮಾಣಪತ್ರ ಕೊಡಬಹುದೇ ಹೊರತು ಕಾರ್ನೆಟ್ ಕೊಡಲಾರದು. ಅರ್ಜಿಯನ್ನು ಆನ್‌ಲೈನ್ ಮೂಲಕ ಫಿಕ್ಕಿಗೆ ಸಲ್ಲಿಸಬೇಕು. ಶುಲ್ಕದ ಜೊತೆಗೆ ಭದ್ರತೆಯಾಗಿ ಬ್ಯಾಂಕ್ ಗ್ಯಾರಂಟಿ ಅಥವಾ ಅವರು ಒಪ್ಪುವ ಬೇರೆ ರೂಪದ ಠೇವಣಿ ಕೊಡಬೇಕು. ನೀವು ಹೋಗುವ ದೇಶಗಳಲ್ಲಿ ಆ ವಸ್ತುವಿಗೆ ಎಲ್ಲಿ ಹೆಚ್ಚು ಸುಂಕವಿದೆಯೋ ಅದನ್ನು ಆಧಾರವಾಗಿಟ್ಟುಕೊಂಡು ಭದ್ರತೆಯ ಮೊತ್ತ ನಿಗದಿಯಾಗುತ್ತದೆ. ಎಲ್ಲ ಮೊಹರುಗಳೊಂದಿಗೆ ಪುಸ್ತಕ ಅವರಿಗೆ ಹಿಂದಿರುಗಿದ ನಂತರ ಈ ಭದ್ರತೆ ಬಿಡುಗಡೆಯಾಗುತ್ತದೆ.

ಪುಸ್ತಕದ ಹೊದಿಕೆ ಹಸಿರು. ಒಳಗೆ ಹಳದಿ ಹಾಳೆಗಳು ಭಾರತದಿಂದ ಹೊರಡುವಾಗ ಮತ್ತು ಮರಳುವಾಗ, ಬಿಳಿ ಹಾಳೆಗಳು ಹೊರದೇಶವನ್ನು ಪ್ರವೇಶಿಸುವಾಗ ಮತ್ತು ಬಿಡುವಾಗ, ನೀಲಿ ಹಾಳೆಗಳು ಮಧ್ಯದಲ್ಲಿ ಒಂದು ದೇಶವನ್ನು ದಾಟಿ ಹೋಗುವಾಗ ಬಳಕೆಯಾಗುತ್ತವೆ. ಪ್ರತಿ ಬಾರಿಯೂ ಅಧಿಕಾರಿ ವೋಚರ್ ಭಾಗವನ್ನು ಹರಿದುಕೊಂಡು, ಪುಸ್ತಕದಲ್ಲೇ ಉಳಿಯುವ ಪ್ರತಿಪತ್ರದ ಮೇಲೆ ಮೊಹರು ಹಾಕಿ ದಿನಾಂಕ ಬರೆಯುತ್ತಾರೆ. ನಿಮ್ಮ ಕೈಯಲ್ಲಿ ಉಳಿಯುವ ಪುರಾವೆ ಆ ಪ್ರತಿಪತ್ರ ಮಾತ್ರ. ನೀವು ದುಬೈಯಿಂದ ಊರಿಗೆ ಬಂದು ಮತ್ತೆ ಕಲೋನ್‌ಗೆ ಹೋಗುವುದಾದರೆ ಹಳದಿ ಹಾಳೆಗಳು ಎರಡು ಜೊತೆ ಬೇಕು. ದುಬೈಯಿಂದ ನೇರವಾಗಿ ಜರ್ಮನಿಗೆ ಕಳುಹಿಸುವುದಾದರೆ ಒಂದು ಜೊತೆ ಸಾಕು. ಬಿಳಿ ಹಾಳೆ ಎರಡು ದೇಶಕ್ಕೂ ಒಂದೊಂದು ಜೊತೆ. ಐರೋಪ್ಯ ಒಕ್ಕೂಟದ ದೇಶಗಳನ್ನೆಲ್ಲ ಒಂದೇ ಕಸ್ಟಮ್ಸ್ ಪ್ರದೇಶವೆಂದು ಲೆಕ್ಕ ಹಾಕುತ್ತಾರೆ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಅದರ ಹೊರಗೆ. ಹಾಳೆಗಳ ಸಂಖ್ಯೆಯನ್ನು ಅರ್ಜಿಯಲ್ಲೇ ಹೇಳಬೇಕಾಗಿರುವುದರಿಂದ ಪ್ರಯಾಣದ ದಾರಿಯನ್ನು ಮೊದಲೇ ನಿರ್ಧರಿಸಿಕೊಳ್ಳಿ.

ಕಾರ್ನೆಟ್‌ನ ಪ್ರಾಣ ಅದರಲ್ಲಿರುವ ಸರಕುಗಳ ಪಟ್ಟಿ (ಜನರಲ್ ಲಿಸ್ಟ್). ಪುಸ್ತಕ ಕೈಗೆ ಬಂದ ಮೇಲೆ ಆ ಪಟ್ಟಿಗೆ ಒಂದು ವಸ್ತುವನ್ನೂ ಸೇರಿಸಲು ಬರುವುದಿಲ್ಲ. ಆದ್ದರಿಂದ ‘ಗೇರುಬೀಜ ಯಂತ್ರ, 1’ ಎಂದಷ್ಟೇ ಬರೆದು ಮುಗಿಸಬೇಡಿ. ಯಂತ್ರದ ಮೈಮೇಲೆ ಕೆತ್ತಿದ ಕ್ರಮಸಂಖ್ಯೆ, ಮೋಟರಿನ ತಯಾರಕರ ಹೆಸರು ಮತ್ತು ಸಂಖ್ಯೆ, ಪ್ಯಾನೆಲ್ಲಿನ ಸಂಖ್ಯೆ, ಪ್ರತಿಯೊಂದರ ತೂಕ, ಬೆಲೆ, ತಯಾರಾದ ದೇಶ ಇವೆಲ್ಲ ಪ್ರತ್ಯೇಕ ಸಾಲುಗಳಲ್ಲಿ ಬರಲಿ. ಸಣ್ಣ ಘಟಕಗಳು ಎಷ್ಟೋ ಬಾರಿ ಕ್ರಮಸಂಖ್ಯೆಯ ತಗಡನ್ನು ರಿವೆಟ್ ಹಾಕದೆ ಅಂಟಿನಿಂದ ಅಂಟಿಸಿರುತ್ತವೆ. ಸಾಗಣೆಯಲ್ಲಿ ಅದು ಕಿತ್ತುಹೋದರೆ ಹೋದ ಯಂತ್ರವೂ ಮರಳಿದ ಯಂತ್ರವೂ ಒಂದೇ ಎಂದು ತೋರಿಸುವುದು ಕಷ್ಟವಾಗುತ್ತದೆ. ಚೌಕಟ್ಟಿನ ಕಬ್ಬಿಣದ ಮೇಲೆಯೇ ಪಂಚ್ ಹೊಡೆಸಿ, ಅದರ ಹತ್ತಿರದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ.

ಇನ್ನು ಗೇರುಬೀಜ. ಅದು ಕಾರ್ನೆಟ್‌ನಲ್ಲಿ ಹೋಗುವುದಿಲ್ಲ. ಬಳಸಿದಾಗ ಮುಗಿದುಹೋಗುವ ವಸ್ತು, ಕೆಡುವ ವಸ್ತು, ಹಂಚಲು ಒಯ್ಯುವ ಕೈಪಿಡಿ ಮತ್ತು ಉಡುಗೊರೆ, ಯಂತ್ರಕ್ಕೆ ಹಾಕುವ ಗ್ರೀಸ್ ಇವು ಯಾವುವೂ ಮರಳಿ ಬರುವುದಿಲ್ಲವಾದ್ದರಿಂದ ಪಟ್ಟಿಗೆ ಸೇರುವುದಿಲ್ಲ. ಬೀಜವನ್ನು ಇಲ್ಲಿಂದಲೇ ಒಯ್ಯಬೇಕೆಂದಿದ್ದರೆ ಪ್ರತ್ಯೇಕ ರಫ್ತಾಗಿ, ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ ಕಳುಹಿಸಬೇಕು. ಯಂತ್ರದ ಮರದ ಪೆಟ್ಟಿಗೆಯೂ ಶಾಖ ಸಂಸ್ಕರಣೆಯಾಗಿ ಅಂತರರಾಷ್ಟ್ರೀಯ ಮುದ್ರೆ ಹೊತ್ತಿರಬೇಕು. ಬಂದರಿನ ಆಸುಪಾಸಿನಲ್ಲಿ ಅಗ್ಗಕ್ಕೆ ಸಿಗುವ ಹಸಿ ಮರದ ಪೆಟ್ಟಿಗೆ ಈ ಕೆಲಸಕ್ಕೆ ಒದಗುವುದಿಲ್ಲ.

ಉತ್ತರ: ಮಂಗಳೂರಿನ ಲೆಕ್ಕಪರಿಶೋಧಕ

ಮೇಲಿನವರು ಕಸ್ಟಮ್ಸ್ ಕಡೆಯನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಸಾಮಾನ್ಯ ಶಿಪ್ಪಿಂಗ್ ಬಿಲ್‌ನ ದಾರಿಯನ್ನು ಹಿಡಿಯುವವರಿಗೆ ಜಿಎಸ್‌ಟಿ ಕಡೆಯ ಮಾತನ್ನು ನಾನು ಸೇರಿಸುತ್ತೇನೆ.

ಪ್ರದರ್ಶನಕ್ಕೆಂದು ಒಯ್ಯುವ ಸರಕು ಮಾರಾಟವೇ ಅಲ್ಲವಾದ್ದರಿಂದ ಹೊರಡುವ ದಿನ ತೆರಿಗೆ ಬಿಲ್ ಮಾಡುವ ಅಗತ್ಯವಿಲ್ಲ. 2019ರ ಜುಲೈ 18ರಂದು ಹೊರಡಿಸಿದ 108ನೇ ಸಂಖ್ಯೆಯ ಜಿಎಸ್‌ಟಿ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿದೆ. ನಿಯಮ 55ರ ಪ್ರಕಾರ ಡೆಲಿವರಿ ಚಲನ್ ಸಿದ್ಧಪಡಿಸಿ ಸರಕಿನ ಜೊತೆಗೆ ಕಳುಹಿಸಬೇಕು. ಅದು ಪೂರೈಕೆಯೇ ಅಲ್ಲವಾದ್ದರಿಂದ ಬಾಂಡ್ ಅಥವಾ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ) ಕೂಡ ಬೇಕಾಗಿಲ್ಲ. ಸರಕು ಹೊರಟ ದಿನದಿಂದ 6 ತಿಂಗಳೊಳಗೆ ಅದು ಮಾರಾಟವಾಗಬೇಕು ಅಥವಾ ಮರಳಿ ಬರಬೇಕು. ಮಾರಾಟವಾದರೆ ಆ ದಿನಾಂಕಕ್ಕೆ ಬಿಲ್ ಮಾಡಿ ರಫ್ತೆಂದು ತೋರಿಸಬಹುದು, ಯಂತ್ರದ ಬಿಡಿಭಾಗಗಳ ಮೇಲೆ ಕಟ್ಟಿದ ತೆರಿಗೆಯ ಮರುಪಾವತಿಗೂ ಅರ್ಜಿ ಹಾಕಬಹುದು. 6 ತಿಂಗಳು ದಾಟಿದರೂ ಎರಡೂ ಆಗದಿದ್ದರೆ ಆ ಅವಧಿ ಮುಗಿದ ದಿನವೇ ಪೂರೈಕೆಯಾಯಿತೆಂದು ಕಾನೂನು ಎಣಿಸುತ್ತದೆ. ನಿಮ್ಮ ದುಬೈ ಮತ್ತು ಕಲೋನ್ ಪ್ರದರ್ಶನಗಳ ನಡುವಿನ ಅಂತರವನ್ನು ಈ 6 ತಿಂಗಳ ಲೆಕ್ಕದೊಂದಿಗೆ ತಾಳೆ ನೋಡುವುದು ಅತ್ಯಗತ್ಯ. ಕಾರ್ನೆಟ್‌ಗೆ ಒಂದು ವರ್ಷ ಬಾಳಿಕೆಯಿದೆ ಎಂದ ಮಾತ್ರಕ್ಕೆ ಜಿಎಸ್‌ಟಿಯ ಅವಧಿ ಹಿಗ್ಗುವುದಿಲ್ಲ.

ಮರಳಿ ತರುವಾಗಿನ ನಿಯಮವನ್ನೂ ತಿಳಿದಿರಬೇಕು. 1962ರ ಕಸ್ಟಮ್ಸ್ ಕಾಯ್ದೆಯ 20ನೇ ಕಲಮಿನ ಪ್ರಕಾರ, ಇಲ್ಲಿಯೇ ತಯಾರಾಗಿ ಹೊರಗೆ ಹೋದ ಸರಕು ಮರಳಿ ಬಂದಾಗಲೂ ಮೂಲತಃ ಆಮದು ಸರಕಿನಂತೆಯೇ ಸುಂಕಕ್ಕೆ ಒಳಪಡುತ್ತದೆ. ಅದರಿಂದ ವಿನಾಯಿತಿ ಸಿಗುವುದು ಪ್ರತ್ಯೇಕ ಅಧಿಸೂಚನೆಯ ಮೂಲಕ. ನಿಗದಿತ ಅವಧಿಯಲ್ಲಿ ಮರಳಿರಬೇಕು, ಒಡೆತನ ಬದಲಾಗಿರಬಾರದು, ಹೋದದ್ದೂ ಬಂದದ್ದೂ ಒಂದೇ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹೊರಡುವಾಗ ಡ್ರಾಬ್ಯಾಕ್‌ನಂತಹ (ರಫ್ತಾದ ಸರಕಿಗೆ ಸಿಗುವ ಸುಂಕದ ಮರುಪಾವತಿ) ಪ್ರಯೋಜನ ಪಡೆದಿದ್ದರೆ ಆ ಮೊತ್ತವನ್ನು ಮರಳಿಸಬೇಕು. ಬ್ರೋಕರ್ ಮಹನೀಯರು ಕ್ರಮಸಂಖ್ಯೆಯ ಬಗ್ಗೆ ಕೊಟ್ಟ ಎಚ್ಚರಿಕೆ ಕಾರ್ನೆಟ್ ಇಲ್ಲದವರಿಗೆ ಇನ್ನಷ್ಟು ಮುಖ್ಯ.

ಹಣದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಕೊಲ್ಲಿ ದೇಶಗಳ ಸಾಮಾನ್ಯ ಆಮದು ಸುಂಕ ಬಹುತೇಕ ಸರಕುಗಳಿಗೆ ಶೇಕಡಾ 5, ಯುಎಇಯ ವ್ಯಾಟ್ ಕೂಡ ಶೇಕಡಾ 5. ದುಬೈಗೆ ಮಾತ್ರ ಹೋಗುವುದಾಗಿದ್ದರೆ ಅಲ್ಲಿಯ ತಾತ್ಕಾಲಿಕ ಪ್ರವೇಶದ ವ್ಯವಸ್ಥೆಯಲ್ಲಿ ಅಷ್ಟನ್ನು ಠೇವಣಿಯಿಟ್ಟು ಹೊರಡುವಾಗ ಮರಳಿ ಕೇಳುವುದು ಕಾರ್ನೆಟ್‌ನ ಶುಲ್ಕ ಮತ್ತು ಬ್ಯಾಂಕ್ ಗ್ಯಾರಂಟಿಯ ಖರ್ಚಿಗಿಂತ ಹಗುರವಾಗಬಹುದು. ಠೇವಣಿ ಮರಳುವವರೆಗೆ ನಿಮ್ಮ ದುಡಿಯುವ ಬಂಡವಾಳ ಅಲ್ಲಿ ಸಿಲುಕಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಎರಡು ದೇಶಗಳೆಂದಾಗ, ಅದರಲ್ಲೂ ಜರ್ಮನಿಯಂತಹ ಹೆಚ್ಚು ವ್ಯಾಟ್ ಇರುವ ದೇಶ ಸೇರಿದಾಗ, ತಕ್ಕಡಿ ಕಾರ್ನೆಟ್ ಕಡೆಗೆ ವಾಲುತ್ತದೆ.

ಉತ್ತರ: ಉಡುಪಿಯ ಯಕ್ಷಗಾನ ತಂಡದ ವ್ಯವಸ್ಥಾಪಕ

ಪ್ರಶ್ನೆ ಯಂತ್ರದ್ದಾದರೂ, ಹೊರದೇಶದ ತಿರುಗಾಟಕ್ಕೆ ವೇಷಭೂಷಣದ ಪೆಟ್ಟಿಗೆಗಳನ್ನು ಒಯ್ಯುವ ಕಲಾತಂಡಗಳಿಗೂ ಇದೇ ಸಮಸ್ಯೆಯಿರುವುದರಿಂದ ಬರೆಯುತ್ತಿದ್ದೇನೆ. ಕಾರ್ನೆಟ್‌ನಲ್ಲಿ ಪ್ರದರ್ಶನದ ಸರಕು, ವೃತ್ತಿಯ ಸಲಕರಣೆ, ವ್ಯಾಪಾರದ ಮಾದರಿ ಎಂಬ ಬೇರೆ ಬೇರೆ ಉದ್ದೇಶಗಳಿವೆ. ನಮ್ಮ ಕಿರೀಟ, ಚೆಂಡೆ, ಮದ್ದಳೆಗಳು ವೃತ್ತಿಯ ಸಲಕರಣೆಯಲ್ಲಿ ಬರುತ್ತವೆ. ಎಲ್ಲ ದೇಶಗಳೂ ಎಲ್ಲ ಉದ್ದೇಶಗಳನ್ನೂ ಒಪ್ಪುವುದಿಲ್ಲ. ಯುಎಇ 2011ರಲ್ಲಿ ಕಾರ್ನೆಟ್ ಸ್ವೀಕರಿಸಲು ಆರಂಭಿಸಿದಾಗ ಅದು ಪ್ರದರ್ಶನ ಮತ್ತು ಮೇಳಗಳ ಸರಕಿಗೆ ಸೀಮಿತವಾಗಿತ್ತು. ಸೌದಿ ಅರೇಬಿಯಾ ಈ ವ್ಯವಸ್ಥೆಗೆ ಬಂದದ್ದು 2024ರಲ್ಲಿ. ಕರಾವಳಿಯ ನಮಗೆ ಕೊಲ್ಲಿಯ ನಂಟು ಹೆಚ್ಚಾದ್ದರಿಂದ, ಹೊರಡುವ ಮೊದಲು ಆಯಾ ದೇಶ ಈಗ ಯಾವ ಉದ್ದೇಶವನ್ನು ಒಪ್ಪುತ್ತದೆ ಎಂದು ಫಿಕ್ಕಿಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಪಟ್ಟಿ ಬರೆಯುವ ಕೆಲಸಕ್ಕೆ ನಾವು ಬಣ್ಣದ ಚೌಕಿಯ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುತ್ತೇವೆ, ಏಕೆಂದರೆ ಭುಜಕೀರ್ತಿ, ಎದೆಪದಕ, ಕರ್ಣಪತ್ರ, ವೀರಕಸೆಗಳೆಲ್ಲ ಎಷ್ಟೆಷ್ಟು ಜೊತೆ, ಯಾವುದು ಮರದ್ದು, ಯಾವುದರ ಮೇಲೆ ಬೇಗಡೆ ಅಂಟಿಸಿದೆ ಎಂದು ಅವರಿಗಷ್ಟೇ ಗೊತ್ತಿರುತ್ತದೆ. ‘ವೇಷಭೂಷಣ, 1 ಪೆಟ್ಟಿಗೆ’ ಎಂದು ಬರೆದರೆ ಆ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಸಂಪೂರ್ಣ ಬಿಚ್ಚಿಸುವುದು ಖಂಡಿತ, ಮತ್ತು ಕಟ್ಟಿದ ಕಿರೀಟದ ದಾರವನ್ನು ಅಲ್ಲಿ ಬಿಚ್ಚಿದರೆ ಮತ್ತೆ ಕಟ್ಟಲು ಅರ್ಧ ದಿನ ಬೇಕು.

ಕಾರ್ನೆಟ್ ಸುಂಕದಿಂದ ಮಾತ್ರ ಬಿಡುಗಡೆ ಕೊಡುತ್ತದೆ, ನಿಷೇಧದಿಂದಲ್ಲ. ನವಿಲುಗರಿಯನ್ನೂ ಅದರಿಂದ ಮಾಡಿದ ವಸ್ತುಗಳನ್ನೂ ಭಾರತದಿಂದ ರಫ್ತು ಮಾಡುವಂತಿಲ್ಲವಾದ್ದರಿಂದ ಕೃಷ್ಣನ ವೇಷಕ್ಕೆ ನಾವು ಬಟ್ಟೆಯ ಗರಿ ಮಾಡಿಸಿಟ್ಟಿದ್ದೇವೆ. ಚೆಂಡೆ, ಮದ್ದಳೆಗಳ ಚರ್ಮದ ವಿಷಯದಲ್ಲಿ ಹೋಗುವ ದೇಶದ ಪ್ರಾಣಿಜನ್ಯ ವಸ್ತುಗಳ ನಿಯಮವನ್ನು ಮೊದಲೇ ಕೇಳಬೇಕಾಗುತ್ತದೆ. ಹಳೆಯ ಮನೆತನದಿಂದ ಬಂದ ಜಾಗಟೆ ಅಥವಾ ಮರದ ಮುಖವಾಡ 100 ವರ್ಷ ದಾಟಿದ್ದಿರಬಹುದೆಂಬ ಅನುಮಾನವಿದ್ದರೂ ಅದನ್ನು ಪೆಟ್ಟಿಗೆಗೆ ಹಾಕಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಂತಹ ವಸ್ತು ಖಾಸಗಿಯವರ ಕೈಯಲ್ಲಿ ದೇಶ ಬಿಟ್ಟು ಹೋಗುವಂತಿಲ್ಲ. ಯಂತ್ರದವರಿಗೆ ಇದು ಬೇಕಾಗಲಿಕ್ಕಿಲ್ಲ, ಆದರೆ ಈ ಚರ್ಚೆಯನ್ನು ಓದುವ ಬೇರೆ ತಂಡದವರಿಗೆ ಉಪಯೋಗವಾದೀತು.

ಉತ್ತರ: ಮಣಿಪಾಲದ ಛಾಯಾಗ್ರಾಹಕ

ಕೈಯಲ್ಲೇ ಒಯ್ಯುವ ಕ್ಯಾಮೆರಾ, ಲೆನ್ಸ್‌ಗಳಿಗೆ ಮಾತ್ರ ಒಂದು ಮಾತು. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಕ್ರಮಸಂಖ್ಯೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಂಡರೆ, ಮರಳಿದಾಗ ಹೊರಗಿನಿಂದ ಕೊಂಡು ತಂದದ್ದೆಂದು ಸುಂಕ ಕೇಳುವುದಿಲ್ಲ. ಸಾಮಾನನ್ನು ಚೆಕ್ ಇನ್‌ನಲ್ಲಿ ಕೊಟ್ಟ ಮೇಲೆ ಇದನ್ನು ಮಾಡಿಸಲು ಬರುವುದಿಲ್ಲವಾದ್ದರಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಬೇಗ ತಲುಪಬೇಕು. ಆದರೆ ಇದು ಭಾರತಕ್ಕೆ ಮರಳುವಾಗಿನ ರಕ್ಷಣೆ ಮಾತ್ರ. ಹೋಗುವ ದೇಶದ ಕಸ್ಟಮ್ಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಮರುಪ್ರಶ್ನೆ: ಬೈಕಂಪಾಡಿಯ ಯಂತ್ರ ತಯಾರಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಮ್ಮ ಪಾಲುದಾರರೊಂದಿಗೆ ಕುಳಿತು ಓದಿದ ಮೇಲೆ ಹೀಗೆ ಯೋಚಿಸಿದ್ದೇವೆ. ಪ್ರದರ್ಶನಕ್ಕೆಂದೇ ಮೀಸಲಾದ ದೊಡ್ಡ ಯಂತ್ರವನ್ನು ಕಾರ್ನೆಟ್ ಮೇಲೆ ಎರಡೂ ಕಡೆಗೆ ಒಯ್ದು ಮರಳಿ ತರುವುದು. ಮಾರಾಟವಾಗುವ ಸಾಧ್ಯತೆಯಿರುವ ಚಿಕ್ಕ ಮಾದರಿಯನ್ನು ಡೆಲಿವರಿ ಚಲನ್ ಮತ್ತು ಶಿಪ್ಪಿಂಗ್ ಬಿಲ್ ಮೇಲೆ ಪ್ರತ್ಯೇಕವಾಗಿ ದುಬೈಗೆ ಕಳುಹಿಸುವುದು. ಗೇರುಬೀಜವನ್ನು ಅಲ್ಲಿಯ ವ್ಯಾಪಾರಿಗಳಿಂದಲೇ ಖರೀದಿಸುತ್ತೇವೆ.

ಉಳಿದಿರುವ ಅಳುಕು ಒಂದೇ. ಪ್ರದರ್ಶನ ಮುಗಿಯುವ ರಾತ್ರಿ ಮಳಿಗೆ ಕಳಚುವ ಗಡಿಬಿಡಿಯಲ್ಲಿ ಸಾಗಣೆಯವರು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗುತ್ತಾರೆ, ನಾವು ಜೊತೆಗಿರುವುದಿಲ್ಲ. ಹೊರಡುವ ಮೊಹರು ತಪ್ಪಿಹೋದರೆ ಏನಾಗುತ್ತದೆ?

ಉತ್ತರ: ಪಣಂಬೂರಿನ ಕಸ್ಟಮ್ಸ್ ಬ್ರೋಕರ್

ನೀವು ಮಾಡಿದ ವಿಂಗಡಣೆ ಸರಿಯಾಗಿದೆ. ಎರಡು ಯಂತ್ರಗಳ ಕಡತಗಳನ್ನೂ ಪೆಟ್ಟಿಗೆಗಳನ್ನೂ ಎಲ್ಲಿಯೂ ಬೆರೆಸಬೇಡಿ.

ಮೊಹರು ತಪ್ಪಿದರೆ ಆ ದೇಶದ ಕಸ್ಟಮ್ಸ್ ದೃಷ್ಟಿಯಲ್ಲಿ ಯಂತ್ರ ಇನ್ನೂ ಅಲ್ಲಿಯೇ ಇದೆ. ಅವರು ತಮ್ಮ ದೇಶದ ಖಾತರಿ ಸಂಸ್ಥೆಯ ಮೇಲೆ ಸುಂಕದ ಬೇಡಿಕೆ ಇಡುತ್ತಾರೆ, ಅದು ಫಿಕ್ಕಿಯ ಮೂಲಕ ನಿಮ್ಮ ಬಾಗಿಲಿಗೆ ಬರುತ್ತದೆ. ಮೂಲ ಒಪ್ಪಂದದ ಪ್ರಕಾರ, ಕಾರ್ನೆಟ್‌ನ ಅವಧಿ ಮುಗಿದ ಮೇಲೂ ಒಂದು ವರ್ಷದವರೆಗೆ ಇಂತಹ ಬೇಡಿಕೆ ಬರಬಹುದು, ಮೊತ್ತವು ಸುಂಕದ ಮೇಲೆ ಶೇಕಡಾ 10ರಷ್ಟು ಹೆಚ್ಚಾಗಿಯೂ ಇರಬಹುದು. ಬೇಡಿಕೆ ಬಂದ ನಂತರ ವಸ್ತು ಹೊರಗೆ ಹೋಗಿದೆ ಎಂಬುದಕ್ಕೆ ಪುರಾವೆ ಒದಗಿಸಲು ಸಂಸ್ಥೆಗೆ 6 ತಿಂಗಳ ಕಾಲಾವಕಾಶವಿದೆ. ಮುಂದಿನ ದೇಶದ ಪ್ರವೇಶದ ಮೊಹರು ಅಥವಾ ಭಾರತಕ್ಕೆ ಮರಳಿದ ಹಳದಿ ಹಾಳೆಯ ಮೊಹರು ಆಗ ಪುರಾವೆಯಾಗಿ ಒದಗುತ್ತದೆ. ಹಾಗಾಗಿ ಒಂದು ಕಡೆ ತಪ್ಪಿತೆಂದು ಕೈಚೆಲ್ಲಿ ಮುಂದಿನದನ್ನೂ ಬಿಡಬೇಡಿ. ಮುಂದಿನ ಮೊಹರಿಗೆ ಆಗ ಇಮ್ಮಡಿ ಬೆಲೆ.

ತಪ್ಪದಂತೆ ನೋಡಿಕೊಳ್ಳುವ ದಾರಿ ಹೀಗಿದೆ. ಪ್ರವೇಶದ ದಿನ ಬಿಳಿ ಪ್ರತಿಪತ್ರದ ಮೇಲೆ ಅಧಿಕಾರಿ ಯಂತ್ರ ಹೊರಡಲೇಬೇಕಾದ ಕೊನೆಯ ದಿನಾಂಕವನ್ನು ಬರೆಯುತ್ತಾರೆ. ಅದು ಕಾರ್ನೆಟ್‌ನ ಒಂದು ವರ್ಷದ ಅವಧಿಗಿಂತ ಬಹಳ ಮೊದಲೇ ಇರಬಹುದು, ಆದ್ದರಿಂದ ಕೌಂಟರ್ ಬಿಡುವ ಮೊದಲೇ ಅದನ್ನು ಓದಿ, ಅಸ್ಪಷ್ಟವಾಗಿದ್ದರೆ ಅಲ್ಲಿಯೇ ಕೇಳಿ. ಕಾರ್ನೆಟ್ ಪುಸ್ತಕವನ್ನು ಪೆಟ್ಟಿಗೆಯೊಳಗೆ ಹಾಕಿ ಮೊಳೆ ಹೊಡೆಯದೆ ಸಾಗಣೆಯವರ ಕೈಗೇ ಸಹಿ ಪಡೆದು ಕೊಡಿ, ಮತ್ತು ನಿಮ್ಮ ಪರವಾಗಿ ಅದನ್ನು ಬಳಸಲು ಅವರ ಹೆಸರಿನಲ್ಲಿ ಅಧಿಕಾರಪತ್ರ ಬರೆದುಕೊಡಿ. ಹೊರಡುವ ಮೊಹರಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮೇಲೆಯೇ ಅವರ ಬಾಕಿ ಹಣ ಸಂದಾಯ ಎಂದು ಒಪ್ಪಂದದಲ್ಲಿ ಬರೆಸಿ.

ಇಲ್ಲಿಂದ ಹೊರಡುವಾಗಿನ ಹಳದಿ ಹಾಳೆಯ ಮೊಹರು, ಸರಕು ದೇಶ ಬಿಡುವ ಬಂದರು ಅಥವಾ ವಿಮಾನ ನಿಲ್ದಾಣದಲ್ಲಿ ಆಗಬೇಕು. ಯಂತ್ರ ಪಣಂಬೂರಿನಿಂದ ಹಡಗಿನಲ್ಲಿ ಹೋಗುತ್ತದೋ, ಬೆಂಗಳೂರಿನಿಂದ ವಿಮಾನದಲ್ಲಿ ಹೋಗುತ್ತದೋ ಎಂಬುದನ್ನು ತೀರ್ಮಾನಿಸಿದ ಕೂಡಲೇ ಅಲ್ಲಿನ ಕಸ್ಟಮ್ಸ್ ಕಚೇರಿಗೆ ಪಟ್ಟಿಯ ಪ್ರತಿಯೊಂದಿಗೆ ಪತ್ರ ಕೊಟ್ಟು, ತಪಾಸಣೆಯ ಸಮಯ ಗೊತ್ತುಮಾಡಿಕೊಳ್ಳಿ. ನಮ್ಮ ಊರಿನ ಕಡೆ ಕಾರ್ನೆಟ್ ದಿನನಿತ್ಯ ಬರುವ ದಾಖಲೆಯಲ್ಲವಾದ್ದರಿಂದ ಹಡಗಿನ ದಿನಾಂಕಕ್ಕೆ ಸಾಕಷ್ಟು ಮೊದಲೇ ಹೋಗುವುದು ಒಳ್ಳೆಯದು. ಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆಯುವ ಕೆಲಸವನ್ನು ಆ ತಪಾಸಣೆಯ ನಂತರಕ್ಕೆ ಇಟ್ಟುಕೊಳ್ಳಿ.